ರಾಜ್ಯದ ಹೆಸರು ಬರೆಯುವ ಜಾಗ

ಫಳ್ನೀರಿನ ನಮ್ಮ ಬಾಡಿಗೆ ಮನೆಯಲ್ಲಿ ಯಾರೂ ಸ್ವರ ಏರಿಸಿ ಮಾತಾಡುತ್ತಿರಲಿಲ್ಲ. ಒಂದೇ ಹೆಂಚಿನ ಮಾಡಿನ ಕೆಳಗೆ ಎರಡು ಕುಟುಂಬಗಳಿದ್ದವು. ನಡುವಿನ ಗೋಡೆ ಮಾಡಿನವರೆಗೆ ಮುಟ್ಟುತ್ತಿರಲಿಲ್ಲ. ಆಚೆಯವರು ಮೆಣಸು ಹುರಿದರೆ ಈಚೆ ನಾವು ಸೀನುತ್ತಿದ್ದೆವು. ಹೀಗಾಗಿ ಜಗಳವಾಡುವುದಕ್ಕೆ ನಮ್ಮವರು ಬೇರೆ ದಾರಿ ಕಂಡುಕೊಂಡಿದ್ದರು. ಅದು ಪ್ರಾರ್ಥನೆ. ಸಂಜೆ ಇಗರ್ಜಿಯ ಗಂಟೆ ಕೇಳಿದೊಡನೆ ಪಪ್ಪನ ತಾಯಿ, ನಾವು ವ್ಹಡ್ಲಿಮಾಂಯ್ ಎಂದು ಕರೆಯುತ್ತಿದ್ದ ನಮ್ಮ ಅಜ್ಜಿ, ನಡುಕೋಣೆಯ ದೇವರ ಪೀಠದ ಮುಂದೆ ದೀಪ ಹಚ್ಚುತ್ತಿದ್ದರು. ಎಲ್ಲರೂ ಕೆಂಪು ಸಿಮೆಂಟಿನ ನೆಲದ ಮೇಲೆ ಮೊಣಕಾಲೂರಿ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಹೇಳುತ್ತಿದ್ದೆವು. ಅದು ಮುಗಿದ ಮೇಲೆ ಪ್ರತಿಯೊಬ್ಬರೂ ತಮ್ಮದೊಂದು ಕೋರಿಕೆಯನ್ನು ಗಟ್ಟಿಯಾಗಿ ಹೇಳಬಹುದಿತ್ತು. ಆ ಕೋರಿಕೆಗಾಗಿ ಎಲ್ಲರೂ ಸೇರಿ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂಬ ಪರಲೋಕ ಮಂತ್ರವನ್ನು ಒಂದು ಸಲ ಹೇಳಬೇಕಿತ್ತು. ಕಾಯಿಲೆಯವರಿಗೆ, ಸತ್ತವರ ಆತ್ಮಗಳಿಗೆ ಎಂದು ಶುರುವಾಗುವ ಈ ಪಟ್ಟಿ ನಿಧಾನಕ್ಕೆ ಮನೆಯೊಳಗೆ ಬರುತ್ತಿತ್ತು.

"ಈ ಮನೆಯಲ್ಲಿ ಅಡುಗೆ ಮಾಡುವವರ ಕೈಗೆ ಉಪ್ಪಿನ ಅಂದಾಜು ಬರ್ಲಿ ಅಂತ ಒಂದು ಪರಲೋಕ ಮಂತ್ರ," ಎನ್ನುತ್ತಿದ್ದರು ವ್ಹಡ್ಲಿಮಾಂಯ್.

ಅಡುಗೆ ಮಾಡುತ್ತಿದ್ದವಳು ಒಬ್ಬಳೇ, ನಾವು ಮಾಂಯ್ ಎನ್ನುತ್ತಿದ್ದ ನನ್ನ ತಾಯಿ. ಮಾಂಯ್ ಆ ದಿನ ಏನೂ ಹೇಳುತ್ತಿರಲಿಲ್ಲ. ಎರಡು ದಿನ ಬಿಟ್ಟು ಅವಳ ಸರದಿ.

"ಬಾಯಿರುಚಿಯ ಆಸೆಯನ್ನು ಗೆಲ್ಲುವ ಶಕ್ತಿ ವಯಸ್ಸಾದವರಿಗೂ ಸಿಗ್ಲಿ ಅಂತ."

ಇವೆಲ್ಲ ಕೊಂಕಣಿಯಲ್ಲಿ ಆಗುತ್ತಿದ್ದ ಮಾತುಗಳು. ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತಪ್ಪಿಸಲಾಗದ ನಿಯಮ ಒಂದಿತ್ತು: ಪ್ರಾರ್ಥನೆಗೆ ಎದುರುತ್ತರ ಕೊಡುವಂತಿಲ್ಲ. ಕೋರಿಕೆ ನಮ್ಮ ವಿರುದ್ಧವೇ ಇದ್ದರೂ ದನಿಗೂಡಿಸಿ ಕೊನೆಗೆ ಆಮೆನ್ ಹೇಳಲೇಬೇಕು. ಎಲ್ಲರ ಮುಖವೂ ಪೀಠದ ಕಡೆಗಿದ್ದುದರಿಂದ ಯಾರೂ ಯಾರನ್ನೂ ನೋಡಬೇಕಾಗುತ್ತಿರಲಿಲ್ಲ. ಆಮೇಲೆ ಮಕ್ಕಳು ಹಿರಿಯರ ಹತ್ತಿರ ಒಬ್ಬೊಬ್ಬರಾಗಿ ಹೋಗಿ ಕೈಜೋಡಿಸಿ "ಬೆಸಾಂವ್ ದಿ", ಆಶೀರ್ವಾದ ಕೊಡಿ, ಎಂದು ಕೇಳಬೇಕು. ಐದು ನಿಮಿಷದ ಹಿಂದೆ ನನ್ನ ಸೋಮಾರಿತನ ಬಿಟ್ಟುಹೋಗಲಿ ಎಂದು ಇಡೀ ಮನೆಯಿಂದ ಪ್ರಾರ್ಥನೆ ಮಾಡಿಸಿದ ಅಜ್ಜಿ ನನ್ನ ತಲೆ ಮುಟ್ಟಿ "ದೇವರು ಒಳ್ಳೆದು ಮಾಡ್ಲಿ" ಎನ್ನುತ್ತಿದ್ದರು. ಅದು ಸುಳ್ಳಲ್ಲ. ಅವರು ಎರಡನ್ನೂ ಮನಸಾರೆ ಹೇಳುತ್ತಿದ್ದರು. ನನಗೆ ಮಾತ್ರ ಚಿಕ್ಕಂದಿನಿಂದಲೇ ಒಂದು ಅಭ್ಯಾಸ ಹತ್ತಿತು: ನನಗೆ ಏನು ಬೇಕು ಎಂಬುದನ್ನು ಯಾರಿಗೂ ತಿಳಿಯದಂತೆ ಇಟ್ಟುಕೊಳ್ಳುವುದು. ತಿಳಿದರೆ ಸಂಜೆಯೊಳಗೆ ಅದಕ್ಕೊಂದು ಪರಲೋಕ ಮಂತ್ರ ಸಿದ್ಧವಾಗುತ್ತಿತ್ತು. ನನ್ನ ಸರದಿ ಬಂದಾಗ ನಾನು ಯಾವತ್ತೂ ಒಂದೇ ಕೋರಿಕೆ ಹೇಳುತ್ತಿದ್ದೆ: ಎಲ್ಲರ ಆರೋಗ್ಯಕ್ಕಾಗಿ.

ಪಪ್ಪ ನದಿಯ ದಡದ ಒಂದು ಹೆಂಚಿನ ಕಾರ್ಖಾನೆಯಲ್ಲಿ ರೈಟರ್ ಆಗಿದ್ದರು. ದಿನವಿಡೀ ಕೂತು ಬರೆಯುವ ಕೆಲಸ. ಸಂಜೆ ಮನೆಗೆ ಬರುವಾಗ ಅವರ ಚಪ್ಪಲಿ, ಪ್ಯಾಂಟಿನ ತುದಿ, ಹುಬ್ಬು ಎಲ್ಲವೂ ತೆಳುವಾಗಿ ಕೆಂಪಾಗಿರುತ್ತಿದ್ದವು. ಬೆರಳುಗಳು ಮಾತ್ರ ಸ್ವಚ್ಛ. ಅವರ ಅಕ್ಷರ ಅಚ್ಚಿನಂತಿತ್ತು. ಬರೆದುದನ್ನು ಅವರು ಹೊಡೆದುಹಾಕಿದ್ದನ್ನು ನಾನು ನೋಡಿದ್ದಿಲ್ಲ. ಅವರ ಪಾಲಿಗೆ ಪ್ರಪಂಚದ ಒಳ್ಳೆಯದೆಲ್ಲ ಮದ್ರಾಸಿನಿಂದ ಬಂದದ್ದು. ಅವರ ಮೆಟ್ರಿಕ್ ಸರ್ಟಿಫಿಕೇಟು ಮದ್ರಾಸಿನದು, ಕಾರ್ಖಾನೆಗೆ ಬರುವ ಕಾಯಿದೆ ಪುಸ್ತಕ ಮದ್ರಾಸಿನದು, ಮಧ್ಯಾಹ್ನ ಹೊರಟು ಮರುದಿನ ತಲುಪಿಸುವ ಮೇಲ್ ಗಾಡಿ ಮದ್ರಾಸಿನದು. ರಾಜ್ಯಗಳನ್ನು ಭಾಷೆಯ ಪ್ರಕಾರ ಹೊಸದಾಗಿ ಹಂಚಿ ನಮ್ಮ ಜಿಲ್ಲೆಯನ್ನು ಮೈಸೂರಿಗೆ ಸೇರಿಸಿದಾಗ ಅವರು ಪೇಪರ್ ಓದಿ ಮಡಚಿಟ್ಟರು, ಅಷ್ಟೆ. ಊರಿನಲ್ಲಿ ಕನ್ನಡದ ಬಾವುಟ ಹಿಡಿದು ಮೆರವಣಿಗೆ ಹೋಯಿತು; ನನಗೆ ಖುಷಿಯಾಗಿತ್ತು, ಶಾಲೆಯಲ್ಲಿ ನನ್ನ ಕನ್ನಡ ಚೆನ್ನಾಗಿತ್ತು. ಪಪ್ಪ ಬೇಸರವನ್ನೂ ತೋರಿಸಲಿಲ್ಲ, ಸಂತೋಷವನ್ನೂ ತೋರಿಸಲಿಲ್ಲ. ಕಾಗದದ ಹಿಂದೆ ತಮ್ಮ ವಿಳಾಸ ಬರೆಯುವಾಗ ಮಾತ್ರ ಮೊದಲಿನ ಹಾಗೆಯೇ ಕೊನೆಯ ಸಾಲಿನಲ್ಲಿ 'ಮದ್ರಾಸ್ ಸ್ಟೇಟ್' ಎಂದು ಬರೆಯುತ್ತಿದ್ದರು. ಕಾಗದಗಳು ಹೇಗೂ ತಲುಪುತ್ತಿದ್ದವು.

ಮಾಂಯ್‌ಯ ತವರು ಮಂಜೇಶ್ವರ. ಅದು ಕೇರಳಕ್ಕೆ ಹೋಯಿತು. ಬಂಗುಡೆ ಮೀನು ಕೊಯ್ಯುತ್ತಾ ಕುಳಿತವಳಿಗೆ ನಾನೇ ಆ ಸುದ್ದಿ ಓದಿ ಹೇಳಿದೆ.

"ಹಾಗಾದ್ರೆ ಇನ್ನು ಮೇಲೆ ತಾಯಿ ಮನೆಗೆ ಹೋಗುದಂದ್ರೆ ಪರರಾಜ್ಯಕ್ಕೆ ಹೋದ ಹಾಗೆ," ಎಂದಳು. ಇನ್ನೊಂದು ಮೀನು ಎತ್ತಿಕೊಂಡು, "ಮೊದ್ಲು ಎಂತ ಹತ್ತಿರ ಇತ್ತಾ?" ಎಂದು ತಾನೇ ನಕ್ಕಳು. ಹನ್ನೊಂದು ಮೈಲಿ ದೂರದ ತವರಿಗೆ ಅವಳು ವರ್ಷಕ್ಕೊಮ್ಮೆ ಹೋದರೆ ಹೆಚ್ಚು.

ನಾನು ಊರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಬಿ.ಎಸ್‌ಸಿ. ಮುಗಿಸಿದ ವರ್ಷದ ಬೇಸಿಗೆಯನ್ನು ಈಗ ನೆನೆದರೆ ಮೊದಲು ನೆನಪಾಗುವುದು ಮೊಣಕಾಲಿನ ನೋವು. ಗಣಿತದಲ್ಲಿ ಎಂ.ಎ. ಓದಬೇಕೆಂದು ನನ್ನ ಅಧ್ಯಾಪಕಿ ಎರಡು ಅರ್ಜಿಗಳನ್ನು ತರಿಸಿಕೊಟ್ಟಿದ್ದರು; ಒಂದು ಮದ್ರಾಸಿನದು, ಒಂದು ಮೈಸೂರಿನದು. ಕೆಲವು ವರ್ಷಗಳ ಹಿಂದೆ ಆಗಿದ್ದರೆ ಮದ್ರಾಸು ನಮ್ಮ ರಾಜ್ಯ, ಮೈಸೂರು ಹೊರಗಿನದು. ಈಗ ತಿರುಗುಮುರುಗು. ಮದ್ರಾಸಿನಲ್ಲಿ ನಾನು ಹೊರರಾಜ್ಯದವಳು, ಶುಲ್ಕದಲ್ಲಿ ರಿಯಾಯಿತಿ ಇಲ್ಲ. ಆದರೆ ಪಪ್ಪನ ತಮ್ಮ, ನಮ್ಮ ಬಾಪ್ಪು, ಅಲ್ಲಿ ರೈಲ್ವೆಯಲ್ಲಿದ್ದುದರಿಂದ ಊಟ ವಸತಿ ಅವರ ಮನೆಯಲ್ಲೇ. ಮೈಸೂರಿನಲ್ಲಿ ನಮಗೆ ಯಾರೂ ಇಲ್ಲ, ಹಾಸ್ಟೆಲ್ ಆಗಬೇಕು. ಆದರೆ ರಾಜ್ಯದೊಳಗಿನವರಿಗೆ ಎಂದು ಒಂದು ವಿದ್ಯಾರ್ಥಿವೇತನ ಇತ್ತು. ಬಾಪ್ಪುವಿನ ಮನೆ ಇಲ್ಲದೆ ಮದ್ರಾಸು ಸಾಧ್ಯವಿಲ್ಲ, ವಿದ್ಯಾರ್ಥಿವೇತನ ಇಲ್ಲದೆ ಮೈಸೂರು ಸಾಧ್ಯವಿಲ್ಲ. ಕೂಡಿಸಿ ಕಳೆದರೆ ಖರ್ಚು ಹೆಚ್ಚುಕಡಿಮೆ ಒಂದೇ ಆಗುತ್ತಿತ್ತು, ತೊಂದರೆಯಾದದ್ದೇ ಅಲ್ಲಿ. ಹಣವೇ ತೀರ್ಮಾನ ಮಾಡಿದ್ದರೆ ನಾವೆಲ್ಲ ಸುಮ್ಮನಿರುತ್ತಿದ್ದೆವು. ಹಣ ತೀರ್ಮಾನ ಮಾಡದ್ದರಿಂದ ತೇರ್ಸಿನ ನಂತರದ ಕೋರಿಕೆಗಳು ಉದ್ದವಾದವು.

"ಪರವೂರಿನಲ್ಲಿ ಇರುವ ನನ್ನ ಮಗನ ಮನೆಗೆ ನಮ್ಮವರದೇ ಒಂದು ಕೈ ಸಹಾಯಕ್ಕೆ ಸಿಗ್ಲಿ ಅಂತ," ವ್ಹಡ್ಲಿಮಾಂಯ್ ಶುರು ಮಾಡಿದರು.

"ದೇವರು ದಾರಿ ತೋರಿಸ್ಲಿ ಅಂತ," ಎಂದರು ಪಪ್ಪ. ಯಾವ ದಾರಿ ಎಂದು ಹೇಳಲಿಲ್ಲ. ರೈಲಿನ ದಾರಿ ಎಂದು ಎಲ್ಲರಿಗೂ ಗೊತ್ತಿತ್ತು.

"ಘಟ್ಟದ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವವರ ಪ್ರಾಣ ಉಳೀಲಿ ಅಂತ," ಮತ್ತೆ ವ್ಹಡ್ಲಿಮಾಂಯ್. ಒಬ್ಬರಿಗೆ ಒಂದೇ ಕೋರಿಕೆ ಎಂಬ ನಿಯಮ ಅವರಿಗೆ ಅನ್ವಯಿಸುತ್ತಿರಲಿಲ್ಲ.

ನನ್ನ ತಂಗಿ ಲೀನಾ ಇನ್ನೂ ಶಾಲೆಯಲ್ಲಿದ್ದಳು. "ಅಕ್ಕ ಎಲ್ಲಿಗಾದ್ರೂ ಹೋಗ್ಲಿ, ಕಿಟಕಿ ಹತ್ತಿರದ ಮಂಚ ನಂಗೆ ಸಿಗ್ಲಿ ಅಂತ," ಎಂದಳು. ಆಚೆಮನೆಯಿಂದ ಯಾರೋ ನಕ್ಕದ್ದು ಕೇಳಿಸಿತು. ಅದಕ್ಕೂ ನಾವು ಪರಲೋಕ ಮಂತ್ರ ಹೇಳಿದೆವು.

ಮದ್ರಾಸಿನಿಂದ ಬಾಪ್ಪುವಿನ ಹೆಂಡತಿಯ ಕಾಗದ ಬಂತು. ಪಪ್ಪ ಅದನ್ನು ಗಂಜಿ ಊಟದ ಹೊತ್ತಿಗೆ ಗಟ್ಟಿಯಾಗಿ ಓದಿದರು. ಪ್ರೀತಿಯಿಂದಲೇ ಬರೆದ ಕಾಗದ. ಎಮ್ಮಿ, ಅಂದರೆ ನಾನು, ಖಂಡಿತ ಬರಲಿ. ಮಕ್ಕಳ ಕೋಣೆಯಲ್ಲಿ ಚಾಪೆ ಹಾಸಿಕೊಂಡರಾಯಿತು. ಸಂಜೆ ಮೂರೂ ಮಕ್ಕಳಿಗೆ ಸ್ವಲ್ಪ ಪಾಠ ಹೇಳಿಕೊಟ್ಟರೆ ಟ್ಯೂಷನ್ ಬಿಡಿಸಬಹುದು. ಬೆಳಿಗ್ಗೆ ನಳದಲ್ಲಿ ನೀರು ಬರುವ ಹೊತ್ತಿಗೆ ಎದ್ದರೆ ಸಾಕು. ಕೊನೆಗೆ ಒಂದು ಸಾಲು: ನಮ್ಮಲ್ಲಿಯೂ ತೇರ್ಸ್ ಒಂದು ದಿನವೂ ತಪ್ಪುವುದಿಲ್ಲ, ಅತ್ತೆಗೆ ಚಿಂತೆ ಬೇಡ.

"ನೋಡು, ಅಲ್ಲಿಯೂ ನಮ್ಮ ಮನೆಯೇ," ಎಂದರು ವ್ಹಡ್ಲಿಮಾಂಯ್ ಕಣ್ಣೊರೆಸಿಕೊಳ್ಳುತ್ತಾ. "ಊರು ಮಾತ್ರ ಬೇರೆ."

ನಾನು ತಟ್ಟೆಯಲ್ಲಿದ್ದ ಒಣಮೀನಿನ ಮುಳ್ಳು ಬಿಡಿಸುತ್ತಿದ್ದೆ. ಅದುವರೆಗೆ ನನ್ನೊಳಗೆ ಮದ್ರಾಸೇ ಮುಂದಿತ್ತು. ಅಲ್ಲಿಯ ಗಣಿತ ವಿಭಾಗ ದೊಡ್ಡದು ಎಂದು ಅಧ್ಯಾಪಕಿ ಹೇಳಿದ್ದರು; ಸಮುದ್ರದ ಎದುರಿನ ರಸ್ತೆಯನ್ನೂ ದೊಡ್ಡ ಗ್ರಂಥಾಲಯವನ್ನೂ ನಾನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೆ. ಆ ಕಾಗದ ಕೇಳಿದ ಮೇಲೆ ಕಲ್ಪನೆಗೆ ಬಂದದ್ದು ಬೇರೊಂದು ನಡುಕೋಣೆ, ಬೇರೊಂದು ಪೀಠ, ನನ್ನ ಬಗ್ಗೆ ಬೇರೆಯವರ ಕೋರಿಕೆಗಳು. ಅಲ್ಲಿಂದ ಇಲ್ಲಿಗೆ ಕಾಗದ ಬರುತ್ತದೆ, ಇಲ್ಲಿ ಅದಕ್ಕೊಂದು ಪ್ರಾರ್ಥನೆ ಆಗುತ್ತದೆ. ಹೊರರಾಜ್ಯ ಎಂದು ಸರಕಾರ ಹೇಳಿದರೂ ಅದು ನಮ್ಮ ಮನೆಯದೇ ಒಂದು ಕೋಣೆ. ಮೈಸೂರು ರಾಜ್ಯದೊಳಗಿನದು, ಆದರೆ ಅಲ್ಲಿ ನನ್ನನ್ನು ಬಲ್ಲ ಒಬ್ಬರೂ ಇರಲಿಲ್ಲ. ಈ ಲೆಕ್ಕ ನನಗೆ ಅಂದೇ ಸ್ಪಷ್ಟವಾಯಿತು. ಯಾರಿಗೂ ಹೇಳಲಿಲ್ಲ. ಆ ಸಂಜೆಯೂ ಎಲ್ಲರ ಆರೋಗ್ಯಕ್ಕಾಗಿ ಎಂದೆ.

ಎರಡೂ ಕಡೆಗೆ ಅರ್ಜಿ ಹಾಕಿ ನೋಡುವುದೆಂದು ಪಪ್ಪ ಹೇಳಿದರು. ಊಟದ ಮೇಜನ್ನು ಒರೆಸಿ ಒಣಗಿಸಿ ಎಲ್ಲ ಕಾಗದಗಳನ್ನೂ ತಾವೇ ತುಂಬಿದರು. ಕೊನೆಗೆ ನನ್ನನ್ನು ಕರೆದು ಸಹಿ ಹಾಕಿಸಿದರು. ನಾನು ಓದಿ ನೋಡಲಿಲ್ಲ. ಅವರು ಬರೆದುದನ್ನು ಓದಿ ನೋಡುವುದೆಂದರೆ ಅನುಮಾನಪಟ್ಟ ಹಾಗೆ. ಮದ್ರಾಸಿನಿಂದ ಬೇಗನೆ ಒಪ್ಪಿಗೆ ಬಂತು. ಮೈಸೂರಿನಿಂದಲೂ ಸೀಟು ಸಿಕ್ಕಿತು. ಆದರೆ ವಿದ್ಯಾರ್ಥಿವೇತನದ ಅರ್ಜಿ ಹಿಂದೆ ಬಂತು. ಮೂರನೆಯ ಸಾಲಿನ ಸುತ್ತ ಕೆಂಪು ಶಾಯಿಯಲ್ಲಿ ಒಂದು ಗೆರೆ. 'ರಾಜ್ಯ' ಎಂದಿದ್ದ ಜಾಗದ ಎದುರು ಪಪ್ಪನ ಅಚ್ಚಿನಂಥ ಅಕ್ಷರದಲ್ಲಿ 'ಮದ್ರಾಸ್' ಎಂದಿತ್ತು. ಅರ್ಜಿದಾರಳು ಈ ರಾಜ್ಯದವಳಾಗಿದ್ದರೆ ವಾಸದ ದೃಢೀಕರಣ ಪತ್ರದೊಂದಿಗೆ ಹೊಸ ಅರ್ಜಿಯನ್ನು ಹತ್ತು ದಿನಗಳೊಳಗೆ ಕಳುಹಿಸಬೇಕು ಎಂದು ಕೆಳಗೆ ಬರೆದು ಒಂದು ಖಾಲಿ ನಮೂನೆಯನ್ನೂ ಇಟ್ಟಿದ್ದರು.

ಪಪ್ಪ ಅದನ್ನು ಬಹಳ ಹೊತ್ತು ಹಿಡಿದುಕೊಂಡು ನಿಂತರು. "ಕೈ ರೂಢಿ," ಎಂದರು. ಅಷ್ಟೇ ಹೇಳಿ ಚಪ್ಪಲಿ ಮೆಟ್ಟಿ ಕಾರ್ಖಾನೆಗೆ ಹೊರಟುಹೋದರು. ಅದು ರೂಢಿಯೋ ಆಸೆಯೋ ಎಂದು ನಾನು ಆ ದಿನವಿಡೀ ಯೋಚಿಸಿದೆ. ಇಂದಿಗೂ ನನಗೆ ಗೊತ್ತಿಲ್ಲ. ಅವರಿಗಾದರೂ ಗೊತ್ತಿತ್ತೋ ಇಲ್ಲವೋ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎರಡು ತಿಂಗಳು ದಿನಾ ಸಂಜೆ ಮೊಣಕಾಲೂರಿ ನನ್ನ ಭವಿಷ್ಯಕ್ಕೆ ಆಮೆನ್ ಹೇಳಿ ಹೇಳಿ ನಾನು ದಣಿದಿದ್ದೆ. ಹತ್ತು ದಿನ ಸುಮ್ಮನೆ ಕಳೆದುಹೋದರೆ ಎಲ್ಲವೂ ತಾನಾಗಿ ಮುಗಿಯುತ್ತದೆ, ಮದ್ರಾಸಾಗುತ್ತದೆ, ಆಗಲಿ ಎನ್ನಿಸಿತು. ಮೂರು ದಿನ ಹಾಗೆಯೇ ಕಳೆದವು. ಹಿಂದೆ ಬಂದ ಅರ್ಜಿ ಮೇಜಿನ ಮೇಲೆ ಉಪ್ಪಿನ ಭರಣಿಯ ಕೆಳಗಿತ್ತು.

ನಾಲ್ಕನೆಯ ಸಂಜೆ ತೇರ್ಸ್ ಮುಗಿಯಿತು. ವ್ಹಡ್ಲಿಮಾಂಯ್ ಗಂಟಲು ಸರಿಮಾಡಿಕೊಂಡರು.

"ನಮ್ಮ ಎಮ್ಮಿ ವಿಷಯದಲ್ಲಿ ದೇವರು ತನ್ನ ಇಷ್ಟ ಎಂತ ಅಂತ ತಿಳಿಸಿದ್ದಕ್ಕೆ ಕೃತಜ್ಞತೆಯಾಗಿ ಒಂದು ಪರಲೋಕ ಮಂತ್ರ."

ನಾವು ಶುರು ಮಾಡಿದೆವು. ಒಂದು ಸ್ವರ ಕಡಿಮೆಯಿತ್ತು. ಮಾಂಯ್ ಎದ್ದು ನಿಂತಿದ್ದಳು. ಪ್ರಾರ್ಥನೆಯ ನಡುವೆ ಯಾರಾದರೂ ಎದ್ದು ನಿಂತದ್ದನ್ನು ನಾನು ಆ ಮನೆಯಲ್ಲಿ ಅದೊಂದೇ ಸಲ ನೋಡಿದ್ದು.

"ಇದಕ್ಕೆ ನಾನು ಆಮೆನ್ ಹೇಳುದಿಲ್ಲ," ಎಂದಳು. "ಅರ್ಜಿಯಲ್ಲಿ ತಪ್ಪು ಬರ್ದದ್ದು ದೇವರಲ್ಲ."

ಆಚೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ವ್ಹಡ್ಲಿಮಾಂಯ್ ತಿರುಗಿ ಮಗನ ಮುಖ ನೋಡಿದರು. ಪಪ್ಪ ಪೀಠವನ್ನೇ ನೋಡುತ್ತಿದ್ದರು.

"ದೇವರ ಮುಂದೆ ಎಂತ ಮಾತು ಇದು?" ಎಂದರು ವ್ಹಡ್ಲಿಮಾಂಯ್.

"ದೇವರ ಮುಂದೆ ಅಲ್ಲದೆ ಈ ಮನೆಯಲ್ಲಿ ಮಾತಾಡ್ಲಿಕ್ಕೆ ಬೇರೆ ಜಾಗ ಉಂಟಾ?" ಎಂದಳು ಮಾಂಯ್. "ನಾಳೆ ನಾನೂ ಎಮ್ಮಿಯೂ ತಾಲೂಕು ಆಫೀಸಿಗೆ ಹೋಗ್ತೇವೆ. ಮಧ್ಯಾಹ್ನಕ್ಕೆ ಸಾರು ಮಾಡಿಟ್ಟು ಹೋಗ್ತೇನೆ. ಉಪ್ಪು ನೀವೇ ನೋಡಿ ಹಾಕಿಕೊಳ್ಳಿ, ಅತ್ತೆ." ಮಾತು ಮುಗಿಸಿ ಅಡುಗೆಮನೆಗೆ ಹೋದಳು. ಆ ದಿನ ಬೆಸಾಂವ್ ಕೇಳುವುದನ್ನು ಎಲ್ಲರೂ ಮರೆತರು.

ತಾಲೂಕು ಆಫೀಸಿನ ಜಗಲಿಯಲ್ಲಿ ಬೆಳಿಗ್ಗೆಯೇ ಸಾಲು ಬೆಳೆದಿತ್ತು. ನಮ್ಮ ಮುಂದೆ ಬಂದರಿನಲ್ಲಿ ಅಂಗಡಿಯಿದ್ದ ಒಬ್ಬ ವಯಸ್ಸಾದ ಬ್ಯಾರಿ ಮುಸ್ಲಿಂ ವ್ಯಾಪಾರಿ ನಿಂತಿದ್ದರು. ಮಾಂಯ್ ಮಂಜೇಶ್ವರದವಳೆಂದು ತಿಳಿದದ್ದೇ ಅವರಿಗೆ ಮಾತು ಬಂತು.

"ನನ್ನದೂ ಅದೇ ಕತೆ ಬಾಯಮ್ಮ. ಮನೆ ತಲಪಾಡಿ ಗಡಿಯ ಆಚೆ, ಅಂಗಡಿ ಈಚೆ. ಬೆಳಿಗ್ಗೆ ಕೇರಳದಲ್ಲಿ ಚಾ ಕುಡಿದು ಮೈಸೂರಲ್ಲಿ ವ್ಯಾಪಾರ ಮಾಡಿ ಸಂಜೆ ಪುನಃ ಕೇರಳದಲ್ಲಿ ಮಲಗ್ತೇನೆ. ನನ್ನ ಹೆಂಡತಿ ಹೇಳ್ತಾಳೆ, ದಿನಾ ಫಾರಿನ್‌ಗೆ ಹೋಗಿ ಬರ್ತೀರಿ, ಒಂದು ಸೆಂಟು ಬಾಟ್ಲಿಯಾದ್ರೂ ತರ್ಬಾರ್ದಾ ಮಾರಾಯ್ರೆ ಅಂತ."

ಮಾಂಯ್ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅವಳು ಪರಿಚಯವಿಲ್ಲದವರ ಮಾತಿಗೆ ನಕ್ಕದ್ದನ್ನು ನಾನು ಮೊದಲ ಸಲ ನೋಡಿದೆ. ನಮ್ಮ ಸರದಿ ಬಂದಾಗ ಗುಮಾಸ್ತರು ನನ್ನ ಜ್ಞಾನಸ್ನಾನದ ಪತ್ರವನ್ನು ತಿರುಗಿಸಿ ನೋಡಿದರು.

"ಹುಟ್ಟಿದ್ದು ಮಂಜೇಶ್ವರ ಅಂತ ಉಂಟಲ್ಲ. ಅದು ಕೇರಳ ಅಲ್ವಾ?"

"ನಾನು ಹೆರುವಾಗ ಅದು ಕೇರಳ ಆಗಿರ್ಲಿಲ್ಲ," ಎಂದಳು ಮಾಂಯ್. "ಚೊಚ್ಚಲ ಹೆರಿಗೆಗೆ ತಾಯಿ ಮನೆಗೆ ಹೋಗದೆ ಮತ್ತೆಲ್ಲಿಗೆ ಹೋಗುದು?"

"ಸರಿ. ಇಲ್ಲಿ ಎಷ್ಟು ವರ್ಷದಿಂದ ಇದ್ದೀರಿ?"

"ಮದುವೆ ಆದ ಮೇಲೆ ಇಲ್ಲೇ. ಎಲ್ಲಿಗೂ ಹೋಗ್ಲಿಲ್ಲ."

ಅವರು ಬರೆದುಕೊಂಡರು. ಮಧ್ಯಾಹ್ನದ ನಂತರ ಬಂದು ತೆಗೆದುಕೊಂಡು ಹೋಗಿ ಎಂದರು. ಮನೆಗೆ ಹೋಗಿ ಮತ್ತೆ ಬರುವಷ್ಟು ಶಕ್ತಿ ಇಬ್ಬರಿಗೂ ಇರಲಿಲ್ಲ. ಜಗಲಿಯ ತುದಿಯ ಕಲ್ಲಿನ ಮೇಲೆ ಕುಳಿತೆವು. ಮಾಂಯ್ ಬಾಳೆ ಎಲೆಯಲ್ಲಿ ಕಟ್ಟಿ ತಂದಿದ್ದ ಸಾನ್ನಾಂ ಬಿಚ್ಚಿದಳು; ಸೇಂದಿ ಹಾಕಿ ಉಬ್ಬಿಸಿದ, ಬೆಳಿಗ್ಗೆಯೇ ಆರಿಹೋಗಿದ್ದ ಇಡ್ಲಿಗಳು. ಅಂಗಳದಲ್ಲಿ ಬಿಸಿಲು ಬಿಳಿಯಾಗಿ ಬಿದ್ದಿತ್ತು. ತಿನ್ನುತ್ತಾ ತಿನ್ನುತ್ತಾ ಅವಳು ಕೇಳಿದಳು.

"ಮೈಸೂರಿನಲ್ಲಿ ನಮ್ಮವರು ಯಾರೂ ಇಲ್ಲ, ಅಲ್ವಾ?"

"ಇಲ್ಲ."

"ದೂರದ ಸಂಬಂಧದವರು ಕೂಡ?"

"ಯಾರೂ ಇಲ್ಲ, ಮಾಂಯ್."

"ಒಳ್ಳೆದು," ಎಂದಳು. ಎಲೆಯನ್ನು ನಾಲ್ಕಾಗಿ ಮಡಚಿ ಗೋಡೆಯ ಆಚೆ ಒಂದು ದನದ ಮುಂದೆ ಹಾಕಿ ಬಂದು ಕೈ ತೊಳೆದಳು.

ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದ ಮೇಲೆ ತಾಲೂಕು ಆಫೀಸಿನ ಪತ್ರದ ಜೊತೆ ಖಾಲಿ ನಮೂನೆಯನ್ನು ಪಪ್ಪನ ಮುಂದೆ ಇಟ್ಟೆ. ಅವರು ಅದನ್ನು ನನ್ನ ಕಡೆಗೆ ಸರಿಸಿ ಪೆನ್ನನ್ನೂ ಕೊಟ್ಟರು.

"ನೀನೇ ಬರಿ. ನನ್ನ ಕೈ ಮೇಲೆ ನಂಗೆ ನಂಬಿಕೆ ಇಲ್ಲ."

ನಾನು ಬರೆದೆ. ಹೆಸರು, ತಂದೆಯ ಹೆಸರು. ಮೂರನೆಯ ಸಾಲಿನಲ್ಲಿ 'ಮೈಸೂರು' ಎಂದು ಬರೆಯುವಾಗ ಅವರು ಕಿಟಕಿಯ ಕಡೆ ನೋಡುತ್ತಿದ್ದರು. ತುಂಬಿ ಮುಗಿಸಿ ಪೋಷಕರ ಸಹಿಯ ಜಾಗಕ್ಕೆ ಬೆರಳಿಟ್ಟು ತೋರಿಸಿದೆ. ಅವರು ಪೆನ್ನು ತೆಗೆದುಕೊಂಡರು, ಸಹಿ ಹಾಕಲಿಲ್ಲ.

"ಇಷ್ಟು ದಿನ ನಾವೇ ಮಾತಾಡಿದ್ದಾಯ್ತು," ಎಂದರು. "ನಿಂಗೆ ಯಾವುದು ಬೇಕು ಎಮ್ಮಿ?"

ಆ ಮನೆಯಲ್ಲಿ ನನ್ನನ್ನು ಯಾರೂ ಹಾಗೆ ನೇರವಾಗಿ ಕೇಳಿರಲಿಲ್ಲ. ಉತ್ತರ ಕೊಡುವ ಅಭ್ಯಾಸವೂ ನನಗಿರಲಿಲ್ಲ.

"ಮೈಸೂರು," ಎಂದೆ.

"ಯಾಕೆ?"

ಒಳಗಿನಿಂದ ಮಾಂಯ್ ತೆಂಗಿನಕಾಯಿ ಅರೆಯುತ್ತಿದ್ದ ಸದ್ದು ಬರುತ್ತಿತ್ತು. ಪಪ್ಪನ ಹುಬ್ಬಿನಲ್ಲಿ, ಭಾನುವಾರವೂ ಪೂರ್ತಿ ಹೋಗದ ಕೆಂಪು ಮಣ್ಣು. ಅವರ ತಮ್ಮನ ಮನೆ, ಅವರ ತಾಯಿಯ ಪ್ರಾರ್ಥನೆ, ಅವರ ಮದ್ರಾಸು, ಇವೆಲ್ಲದರಿಂದ ಸ್ವಲ್ಪ ದೂರ ಮಲಗಿ ನಿದ್ದೆ ಮಾಡಬೇಕು ಎಂದು ಅವರ ಮುಖ ನೋಡಿ ಹೇಳಲು ನನ್ನಿಂದ ಆಗಲಿಲ್ಲ.

"ವಿದ್ಯಾರ್ಥಿವೇತನ ಸಿಕ್ಕಿದ್ರೆ ನಿಮ್ಗೆ ಭಾರ ಆಗುದಿಲ್ಲ ಪಪ್ಪ," ಎಂದೆ.

ಅವರು ತಲೆಯಾಡಿಸಿದರು. ಕಣ್ಣು ಒದ್ದೆಯಾದದ್ದನ್ನು ಮುಚ್ಚಿಕೊಳ್ಳಲೆಂದೇ ಬಗ್ಗಿ ನಿಧಾನವಾಗಿ, ಒಂದೊಂದೇ ಅಕ್ಷರವಾಗಿ ಸಹಿ ಹಾಕಿದರು.

ವಿದ್ಯಾರ್ಥಿವೇತನ ಸಿಕ್ಕಿತು. ಎರಡು ವರ್ಷ ಮೈಸೂರಿನಲ್ಲಿ ಓದಿದೆ, ಈಗ ಅಲ್ಲಿಗೆ ಹತ್ತಿರದ ಊರಿನಲ್ಲಿ ಪಾಠ ಹೇಳುತ್ತೇನೆ. ರಜೆಯಲ್ಲಿ ಊರಿಗೆ ಹೋದಾಗ ಯಾರಾದರೂ ಮನೆಗೆ ಬಂದರೆ ಪಪ್ಪ ನನ್ನನ್ನು ಕರೆದು ಪರಿಚಯ ಮಾಡಿಸುತ್ತಾರೆ. "ಮದ್ರಾಸಿನಲ್ಲಿ ಸೀಟು ಸಿಕ್ಕಿತ್ತು. ಇವಳೇ ಬೇಡ ಅಂದ್ಳು. ಮನೆ ಪರಿಸ್ಥಿತಿ ನೋಡಿ ಮೈಸೂರು ಆರಿಸಿದ್ಳು. ಹತ್ತೊಂಬತ್ತು ವರ್ಷಕ್ಕೇ ಅಷ್ಟು ಬುದ್ಧಿ," ಎನ್ನುತ್ತಾರೆ. ಬಂದವರು ನನ್ನನ್ನು ಮೆಚ್ಚಿಕೊಂಡು ನೋಡುತ್ತಾರೆ. ನಾನು ಕಾಫಿಯ ಲೋಟಗಳನ್ನು ಒಂದೊಂದಾಗಿ ಅವರ ಕೈಗೆ ಕೊಡುತ್ತೇನೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿರುವ ಮಾಂಯ್ ಆ ಹೊತ್ತಿನಲ್ಲಿ ಮಾತ್ರ ನನ್ನ ಕಡೆ ನೋಡುವುದಿಲ್ಲ.